ಪೋಸ್ಟ್ ತೆಗೆದ್ರು, ಊರೂ ತಿರುಗಿಬಿತ್ತು: ವಿಶ್ವಾಸಿಗಳು ಆಗ ಏನ್ ಮಾಡ್ಬೇಕು

ಹಾಸನದಲ್ಲಿ ನಂದೊಂದು ಜೆರಾಕ್ಸ್ ಅಂಗಡಿ ಇದೆ, ಅದರ ಜೊತೆಗೆ ನಮ್ಮ ಕ್ರೈಸ್ತ ಸಭೆಯ, ಅಂದ್ರೆ ಚರ್ಚಿನ, ಪೇಜು, ಚಾನೆಲ್ಲು, ವಾಟ್ಸಾಪ್ ಗ್ರೂಪು ನೋಡ್ಕೊಳ್ಳೋದೂ ನಾನೇ. ಹೋದ ವರ್ಷ ಕೀರ್ತನೆ 139 ಇಟ್ಕೊಂಡು ಒಂದು ಪೋಸ್ಟ್ ಹಾಕಿದ್ದೆ. ತಾಯಿ ಹೊಟ್ಟೇಲಿರೋ ಕೂಸನ್ನ ರೂಪಿಸೋನು ದೇವರು, ಅದಕ್ಕೇ ಗರ್ಭಪಾತ ಅಂದ್ರೆ ಒಂದು ಜೀವ ತೆಗೆಯೋದು ಅಂತ ನಾವು ನಂಬ್ತೀವಿ, ಕಷ್ಟದಲ್ಲಿರೋ ಹೆಣ್ಮಕ್ಕಳು ಯಾರಾದ್ರೂ ಇದ್ರೆ ಬನ್ನಿ, ಬೈಯಲ್ಲ, ಜೊತೆಗಿರ್ತೀವಿ ಅಂತ ಬರೆದಿದ್ದೆ. ಸಂಜೆ ಹೊತ್ತಿಗೆ ಪೋಸ್ಟ್ ಇಲ್ಲ. ನಿಯಮ ಮೀರಿದೀರ ಅಂತ ಒಂದೇ ಸಾಲು ಬಂತು, ಯಾವ ನಿಯಮ ಅಂತ ಸರಿಯಾಗಿ ಹೇಳಲೂ ಇಲ್ಲ. ಅದಕ್ಕಿಂತ ನೋವಾಗಿದ್ದು ಏನಂದ್ರೆ ಆ ಪೋಸ್ಟಿನ ಸ್ಕ್ರೀನ್‌ಶಾಟ್ ಅಷ್ಟೊತ್ತಿಗಾಗ್ಲೇ ಊರ ಗ್ರೂಪುಗಳಲ್ಲಿ ಓಡಾಡ್ತಿತ್ತು, ಅದೂ ಕೊನೇ ಸಾಲು ಕತ್ತರಿಸಿ, ಬನ್ನಿ ಜೊತೆಗಿರ್ತೀವಿ ಅನ್ನೋ ಸಾಲೇ ಇಲ್ಲ, ಮೇಲೆ "ಇವನ ಅಂಗಡಿಗೆ ಯಾರೂ ಹೋಗ್ಬೇಡಿ" ಅಂತ ಬರೆದಿದ್ರು. ಮೂರ್ನಾಲ್ಕು ವಾರ ಕಾಲೇಜು ಹುಡುಗ್ರು ಬರೋದೇ ಕಮ್ಮಿ ಆಯ್ತು.

ಆಮೇಲೆ ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಸಭೆಗಳಿಂದಾನೂ ಫೋನ್ ಬರೋಕೆ ಶುರು ಆಯ್ತು, ಅಣ್ಣಾ ನಮ್ದೂ ಹೋಯ್ತು ಏನ್ ಮಾಡೋದು ಅಂತ. ಎಲ್ರಿಗೂ ಬೇರೆಬೇರೆಯಾಗಿ ಹೇಳೋ ಬದಲು ಒಂದೇ ಕಡೆ ಬರೀತಾ ಇದೀನಿ.

ಮೊದಲ ಒಂದು ಗಂಟೆ ಏನೂ ಬರೀಬೇಡಿ. ಇದು ಕಷ್ಟ, ನನಗೆ ಗೊತ್ತು, ಕೈ ನಡುಗ್ತಾ ಇರುತ್ತೆ, ಅನ್ಯಾಯ ಅನ್ಸುತ್ತೆ, ಅದೇ ಪೋಸ್ಟನ್ನ ಇನ್ನೊಂದು ಅಕೌಂಟಿಂದ ಹಾಕೋಣ ಅನ್ಸುತ್ತೆ. ಹಾಕ್ಬೇಡಿ. ತೆಗೆದಿದ್ದನ್ನೇ ಮತ್ತೆ ಹಾಕಿದ್ರೆ ಅವರ ಲೆಕ್ಕದಲ್ಲಿ ಅದು ಎರಡನೇ ತಪ್ಪು, ಬೇರೆ ಅಕೌಂಟ್ ಮಾಡಿ ಹಾಕಿದ್ರೆ ತಪ್ಪಿಸ್ಕೊಳ್ಳೋಕೆ ನೋಡ್ತಿದಾನೆ ಅಂತ ಎರಡೂ ಹೋಗುತ್ತೆ. ಆ ಗಂಟೇಲಿ ಮಾಡ್ಬೇಕಾಗಿರೋದು ಸಾಕ್ಷಿ ಕೂಡಿಡೋದು. ಬಂದಿರೋ ನೋಟೀಸಿನ ಸ್ಕ್ರೀನ್‌ಶಾಟ್, ದಿನ ಮತ್ತು ಟೈಮ್ ಕಾಣೋ ಹಾಗೆ. ಪೋಸ್ಟಿನ ಲಿಂಕ್ ಇನ್ನೂ ಸಿಗ್ತಿದ್ರೆ ಅದು. ನೀವು ಬರೆದಿದ್ದ ಪೂರ್ತಿ ಮಾತು, ಒಂದಕ್ಷರ ಬದಲಾಯಿಸದೆ. ಯಾರಾದ್ರೂ ಬೆದರಿಕೆ ಹಾಕಿದ್ರೆ ಆ ಮೆಸೇಜು, ಅದು ಬಂದ ನಂಬರು. ಸ್ಕ್ರೀನ್ ರೆಕಾರ್ಡ್ ಮಾಡಿ ಮೇಲಿಂದ ಕೆಳಗೆ ಸ್ಕ್ರೋಲ್ ಮಾಡಿದ್ರೆ ಇನ್ನೂ ಒಳ್ಳೇದು, ಕತ್ತರಿಸಿದ್ದು ಅಂತ ಯಾರೂ ಹೇಳೋಕಾಗಲ್ಲ. ಎಲ್ಲಾ ಒಂದು ಫೋಲ್ಡರಿಗೆ ಹಾಕಿ, ಮುಖ್ಯವಾದ್ದನ್ನ ಪ್ರಿಂಟ್ ತೆಗೆದಿಡಿ. ನನ್ನ ಕತೇಲಿ ಪೂರ್ತಿ ಪೋಸ್ಟಿನ ಪ್ರತಿ ಇದ್ದಿದ್ದಕ್ಕೇ ನಾನು ಉಳ್ಕೊಂಡಿದ್ದು.

ಈಗ ಎರಡನೇದು, ಇದರಲ್ಲೇ ಜಾಸ್ತಿ ಜನ ಎಡವೋದು. ತೆಗೆದಿದ್ದು ಯಾರು, ಯಾಕೆ ಅಂತ ಮೊದಲು ಕಂಡ್ಕೊಳ್ಳಿ. ನಮ್ಮವರಲ್ಲಿ ಏನು ಹೋದ್ರೂ "ಕ್ರೈಸ್ತರ ಬಾಯಿ ಮುಚ್ಚಿಸ್ತಿದಾರೆ" ಅಂತ ಹೇಳೋ ಅಭ್ಯಾಸ ಬಂದ್ಬಿಟ್ಟಿದೆ, ಅದರಲ್ಲಿ ನಿಜ ಇರೋದೂ ಇದೆ, ಆದ್ರೆ ಸುಮ್ನೆ ಕೂಗಿದ್ರೆ ನಿಜವಾಗ್ಲೂ ಮುಚ್ಚಿಸಿದಾಗ ಯಾರೂ ನಂಬಲ್ಲ. ಸುಳ್ಳು ಸಾಕ್ಷಿ ಹೇಳ್ಬಾರ್ದು ಅನ್ನೋ ಆಜ್ಞೆ ಕಂಪನಿಗಳ ವಿಷಯದಲ್ಲೂ ಅನ್ವಯ ಆಗುತ್ತೆ ಅಲ್ವಾ.

ಒಬ್ರು ಪಾಸ್ಟರ್ ಫೋನ್ ಮಾಡಿ ನಮ್ಮ ಭಾನುವಾರದ ಲೈವ್‌ಗಳನ್ನೆಲ್ಲಾ ಫೇಸ್‌ಬುಕ್‌ನವರು ಅಳಿಸಿಬಿಟ್ರು ಅಂದ್ರು, ತುಂಬಾ ನೊಂದಿದ್ರು. ನೋಡಿದ್ರೆ 2025ರ ಫೆಬ್ರವರಿಯಿಂದ ಫೇಸ್‌ಬುಕ್‌ನಲ್ಲಿ ಎಲ್ಲರ ಲೈವ್ ವಿಡಿಯೋನೂ 30 ದಿನ ಆದ್ಮೇಲೆ ತಾನಾಗೇ ಹೋಗುತ್ತೆ, ಅದು ನಿಯಮ, ಹೋಗೋ ಮುಂಚೆ ಡೌನ್‌ಲೋಡ್ ಮಾಡ್ಕೊಂಡಿರ್ಬೇಕಿತ್ತು. ಇನ್ನೊಂದು ಕಡೆ ಯೂಟ್ಯೂಬಲ್ಲಿ ಆರಾಧನೆ ವಿಡಿಯೋ ಬ್ಲಾಕ್ ಆಗಿತ್ತು, ಅದು ಕಾಪಿರೈಟ್. ಹಾಡು ಹಳೇದೇ, ಬರೆದೋರು ತೀರ್ಕೊಂಡು 60 ವರ್ಷ ದಾಟಿದ್ರೆ ನಮ್ಮ ದೇಶದಲ್ಲಿ ಆ ಸಾಹಿತ್ಯದ ಹಕ್ಕು ಮುಗಿಯುತ್ತೆ, ಆದ್ರೆ ಹಿಂದೆ ಹಾಕಿದ್ದ ಟ್ರ್ಯಾಕ್ ಯಾವುದೋ ಕಂಪನಿ ಇತ್ತೀಚೆಗೆ ಮಾಡಿದ ರೆಕಾರ್ಡಿಂಗು, ರೆಕಾರ್ಡಿಂಗಿಗೆ ಬೇರೇನೇ 60 ವರ್ಷದ ಲೆಕ್ಕ. ನಿಮ್ಮ ಗಾಯನ ತಂಡದವರೇ ಕೀಬೋರ್ಡ್ ನುಡಿಸಿ ಹಾಡಿದ್ರೆ ಈ ತಲೆನೋವೇ ಇಲ್ಲ.

ಯೂಟ್ಯೂಬ್ ಸ್ಟ್ರೈಕ್, ಅಂದ್ರೆ ನಿಯಮ ಮೀರಿದ್ದಕ್ಕೆ ಚಾನೆಲ್ ಮೇಲೆ ಬೀಳೋ ಗುರುತು, ಅದರ ಬಗ್ಗೆನೂ ಇಲ್ಲೇ ಹೇಳ್ಬಿಡ್ತೀನಿ. ಮೊದಲ ಸಲ ಸಾಮಾನ್ಯವಾಗಿ ಬರೀ ಎಚ್ಚರಿಕೆ. ಆಮೇಲೆ ಮೊದಲ ಸ್ಟ್ರೈಕಿಗೆ 1 ವಾರ ಅಪ್ಲೋಡ್ ಬಂದ್, 90 ದಿನದೊಳಗೆ ಇನ್ನೊಂದು ಬಂದ್ರೆ 2 ವಾರ, ಅದೇ 90 ದಿನದಲ್ಲಿ ಮೂರಾದ್ರೆ ಚಾನೆಲ್ಲೇ ಹೋಗುತ್ತೆ. ಹಾಗಾಗಿ ಮೊದಲನೇದು ಬಂದಾಗ್ಲೇ ಅಪೀಲ್ ಹಾಕಿ, ಹೋಗ್ಲಿ ಬಿಡು ಅಂತ ಬಿಡ್ಬೇಡಿ.

ಲೈವ್‌ನ 30 ದಿನದ ನಿಯಮ, ಕಾಪಿರೈಟ್, ಇವೆರಡೂ ಅಲ್ಲದೇ ಇದ್ರೆ, ಒಂದೋ ಕಂಪನಿಯವರು ದ್ವೇಷ, ಹಿಂಸೆ ಅಂತ ತಮ್ಮ ನಿಯಮ ಹೇಳಿ ತೆಗೆದಿರ್ತಾರೆ, ಇಲ್ಲಾ ಸರ್ಕಾರದ ಇಲ್ಲವೇ ಕೋರ್ಟಿನ ಆದೇಶ ಬಂದಿರುತ್ತೆ. ಎರಡನೇದಾದ್ರೆ ಭಾರತದಲ್ಲಿ ತಡೆಹಿಡಿಯಲಾಗಿದೆ, ಕಾನೂನಿನ ಮನವಿ ಬಂದಿದೆ ಅನ್ನೋ ಥರ ಬರೆದಿರುತ್ತೆ. ಅದಕ್ಕೆ ಆ್ಯಪಿನ ಅಪೀಲ್ ಬಟನ್ ಒತ್ತಿ ಏನೂ ಆಗಲ್ಲ, ಸೀದಾ ವಕೀಲರ ಹತ್ರ ಹೋಗಿ. ದೊಡ್ಡ ಕಂಪನಿಗಳಿಗೇ ಅಲ್ಲಿ ಗೆಲ್ಲೋದು ಕಷ್ಟ ಆಗಿದೆ, ಪೋಸ್ಟ್ ತೆಗೀರಿ ಅಂತ ಕಂಪನಿಗಳಿಗೆ ಆದೇಶ ಕಳಿಸೋ ಸರ್ಕಾರದ ಸಹಯೋಗ್ ಪೋರ್ಟಲ್ ಪ್ರಶ್ನೆ ಮಾಡಿ ಎಕ್ಸ್ (ಮುಂಚಿನ ಟ್ವಿಟರ್) ಕಂಪನಿ ಹಾಕಿದ್ದ ಅರ್ಜಿನ ನಮ್ಮ ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರಲ್ಲಿ ವಜಾ ಮಾಡ್ತು.

ಅಪೀಲಿಗೆ ಮುಂಚೆ ಇನ್ನೊಂದು ಕೆಲಸ ಇದೆ, ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ಬರೆದಿದ್ದನ್ನ ದೇವರ ಮುಂದೆ ಇಟ್ಟು ಓದಿ. ಪೇತ್ರನು ಮೊದಲ ಪತ್ರ 4ನೇ ಅಧ್ಯಾಯದಲ್ಲಿ ಕ್ರಿಸ್ತನ ಹೆಸರಿಗಾಗಿ ಕಷ್ಟಪಟ್ರೆ ಧನ್ಯರು ಅಂತಾನೆ, ಆದ್ರೆ ಕಳ್ಳನಾಗಿಯೋ ಕೆಡುಕನಾಗಿಯೋ ಬೇರೆಯವರ ಕೆಲಸಕ್ಕೆ ತಲೆಹಾಕೋನಾಗಿಯೋ ಕಷ್ಟಪಡಬೇಡಿ ಅಂತಾನೂ ಅಲ್ಲೇ ಹೇಳ್ತಾನೆ. ನಮಗೆ ಬಿದ್ದ ಏಟೆಲ್ಲಾ ಸುವಾರ್ತೆಗಾಗಿ ಬಿದ್ದಿದ್ದು ಅಂತ ಅಲ್ಲ. ಹಾಸನಾಂಬೆ ಬಾಗಿಲು ತೆಗೆಯೋ ದಿನಗಳಲ್ಲಿ ನಮ್ಮೂರಿಗೆ ಲಕ್ಷಗಟ್ಟಲೆ ಜನ ಬರ್ತಾರೆ, ನಮ್ಮ ಅಕ್ಕಪಕ್ಕದ ಮನೆಯವರೂ ಹೋಗ್ತಾರೆ, ಆ ಟೈಮಲ್ಲಿ ಯಾರಾದ್ರೂ ವಿಗ್ರಹಗಳ ಬಗ್ಗೆ ಚುಚ್ಚಿ ಬರೆದ್ರೆ ಅದು ಸಾಕ್ಷಿ ಅಲ್ಲ, ಕೆಣಕೋದು. ಎಫೆಸ ಅನ್ನೋ ಪಟ್ಟಣದಲ್ಲಿ ಅಪೊಸ್ತಲ ಪೌಲನ ಜೊತೆಯವರ ಮೇಲೆ ಜನ ಗಲಾಟೆ ಮಾಡಿದಾಗ ಆ ಪಟ್ಟಣದ ಕಾರ್ಯದರ್ಶಿ ಎದ್ದು ನಿಂತು ಇವರು ನಮ್ಮ ದೇವತೆಯನ್ನ ದೂಷಣೆ ಮಾಡಿಲ್ಲ ಅಂತ ಹೇಳ್ತಾನೆ, ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ. ಪೌಲ ಎರಡು ವರ್ಷಕ್ಕೂ ಮೇಲೆ ಅಲ್ಲಿ ಸುವಾರ್ತೆ ಸಾರಿದ್ದ, ಆದ್ರೂ ಹೊರಗಿನ ಒಬ್ಬ ಅಧಿಕಾರಿ ಅವನ ಜೊತೆಯವರ ಪರ ಆ ಮಾತು ಹೇಳೋ ಹಾಗೆ ಇದ್ರು ಅವರೆಲ್ಲಾ. ನಮ್ಮ ಪೋಸ್ಟ್ ನೋಡಿ ಪಕ್ಕದ ಅಂಗಡಿಯವರು ಹಾಗೆ ಹೇಳೋಕಾಗುತ್ತಾ? ಕಾನೂನಿನ ದಾರೀಲೂ ಇದು ಮುಖ್ಯ, ಬೇಕಂತಲೇ ಬೇರೆ ಧರ್ಮಕ್ಕೆ ಅವಮಾನ ಮಾಡಿದ್ರೆ ಮೊದಲು ಐಪಿಸಿಯ 295ಎ ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್, 3 ವರ್ಷದವರೆಗೂ ಜೈಲು.

ತಪ್ಪಿದ್ರೆ ತಪ್ಪಾಯ್ತು ಅನ್ನಿ, ನೇರವಾಗಿ, "ಯಾರಿಗಾದ್ರೂ ನೋವಾಗಿದ್ರೆ" ಅನ್ನೋ ಹಾರಿಕೆ ಮಾತಲ್ಲ. ಆದ್ರೆ ಹೇಳಿದ ರೀತಿಗೆ ಕ್ಷಮೆ ಕೇಳೋದು ಬೇರೆ, ನಂಬಿಕೆಗೇ ಕ್ಷಮೆ ಕೇಳೋದು ಬೇರೆ. ಮದುವೆ ಅಂದ್ರೆ ಒಂದು ಗಂಡು ಒಂದು ಹೆಣ್ಣು ಅಂತ, ಹೊಟ್ಟೇಲಿರೋ ಮಗೂನೂ ಮನುಷ್ಯನೇ ಅಂತ ಸಭೆ ಮೊದಲಿಂದ ಹೇಳ್ಕೊಂಡು ಬಂದಿದೆ. ಜನ ಕೂಗಿದ್ರು ಅಂತ ಇದಕ್ಕೆ ಕ್ಷಮೆ ಕೇಳಿದ್ರೆ ಕೂಗೋದು ನಿಲ್ಲೋದೂ ಇಲ್ಲ, ನಮ್ಮ ಮಕ್ಕಳಿಗೆ ಅಪ್ಪ ಯಾವುದನ್ನ ನಿಜವಾಗಿ ನಂಬ್ತಾನೆ ಅಂತಾನೂ ಗೊತ್ತಾಗಲ್ಲ.

ಸರಿ, ಅಪೀಲ್. ಕೆಲವು ಹಿರಿಯರು ಇದೆಲ್ಲಾ ಯಾಕಪ್ಪಾ, ದೇವರು ನೋಡ್ಕೋತಾನೆ ಅಂತಾರೆ. ಪೌಲ ರೋಮನ್ ಅಧಿಪತಿ ಫೆಸ್ತನ ಮುಂದೆ ನಿಂತಾಗ ಚಕ್ರವರ್ತಿ ಕೈಸರನಿಗೆ ಮನವಿ ಮಾಡ್ಕೋತೀನಿ ಅಂದ, ರೋಮನ್ ಪ್ರಜೆಯಾಗಿ ತನಗಿದ್ದ ಹಕ್ಕನ್ನ ಬಳಸಿದ. ನಮಗಿರೋ ಹಕ್ಕನ್ನ ನಾವೂ ಬಳಸ್ಬಹುದು.

ಮೊದಲು ಆ್ಯಪಿನ ಒಳಗೇ ಇರೋ ಅಪೀಲ್. ಫೇಸ್‌ಬುಕ್ ಅಕೌಂಟ್ ಸಸ್ಪೆಂಡ್ ಆಗಿದ್ರೆ ಅಪೀಲಿಗೆ 180 ದಿನ ಇರುತ್ತೆ, ದಾಟಿದ್ರೆ ಅಕೌಂಟ್ ಪೂರ್ತಿ ಹೋಯ್ತು, ಹಾಗಾಗಿ ಆಮೇಲೆ ನೋಡೋಣ ಅನ್ಬೇಡಿ. ಬರೆಯೋವಾಗ ಚಿಕ್ಕದಾಗಿ ಬರೀರಿ. ನೀವು ಸೈತಾನನ ಕೆಲಸ ಮಾಡ್ತಿದೀರ ಅಂತ ಬರೆದ್ರೆ ಓದೋ ಮನುಷ್ಯನಿಗೆ, ಮನುಷ್ಯನೇ ಓದಿದ್ರೆ, ಏನೂ ಸಹಾಯ ಆಗಲ್ಲ. ನಾನು ಬರೆದಿದ್ದು ಹೆಚ್ಚುಕಮ್ಮಿ ಹೀಗೆ: "ಇಂಥ ದಿನ ಇಷ್ಟೊತ್ತಿಗೆ ಹಾಕಿದ ನನ್ನ ಪೋಸ್ಟನ್ನು ತೆಗೆಯಲಾಗಿದೆ. ಇದರಲ್ಲಿ ಯಾವ ವ್ಯಕ್ತಿಗೂ, ಯಾವ ಗುಂಪಿಗೂ ಬೆದರಿಕೆ ಇಲ್ಲ, ಬೈಗುಳ ಇಲ್ಲ. ಗರ್ಭಪಾತದ ಬಗ್ಗೆ ನನ್ನ ಧಾರ್ಮಿಕ ನಂಬಿಕೆ ಹೇಳಿದ್ದೇನೆ, ಕೊನೆಯಲ್ಲಿ ಸಹಾಯಕ್ಕೆ ಕರೆದಿದ್ದೇನೆ. ಕನ್ನಡ ಬಲ್ಲವರಿಂದ ಪೂರ್ತಿ ಓದಿಸಿ, ಯಾವ ನಿಯಮದ ಯಾವ ಭಾಗ ಮೀರಿದೆ ಎಂದು ತಿಳಿಸಿ." ಕನ್ನಡ ಬಲ್ಲವರಿಂದ ಓದಿಸಿ ಅನ್ನೋ ಸಾಲು ಬಿಡ್ಬೇಡಿ. ಮೊದಲ ಸಲ ನೋಡೋದು ಎಷ್ಟೋ ಸಲ ಮೆಷೀನು, ಅದಕ್ಕೆ "ಕೊಲೆ" ಅನ್ನೋ ಪದ ಕಂಡ್ರೆ ಸಾಕು, ಕೊಲ್ತೀನಿ ಅಂದಿದ್ದಾ ಕೊಲ್ಬೇಡಿ ಅಂದಿದ್ದಾ ಅಂತ ಎಲ್ಲಾ ಸಲ ಗೊತ್ತಾಗಲ್ಲ. ಫೇಸ್‌ಬುಕ್ ನಡೆಸೋ ಮೆಟಾ ಕಂಪನಿಯ ಯಜಮಾನ ಜುಕರ್‌ಬರ್ಗ್ ಅವರೇ 2025ರ ಜನವರೀಲಿ ನಮ್ಮಲ್ಲಿ ತಪ್ಪುಗಳು ಜಾಸ್ತಿ ಆಗಿವೆ, ಸೆನ್ಸಾರ್ ಜಾಸ್ತಿ ಆಗಿದೆ ಅಂತ ಒಪ್ಕೊಂಡ್ರು. ಅಂದ್ಮೇಲೆ ತಪ್ಪಾಗಿದೆ ಅಂತ ಕೇಳೋದ್ರಲ್ಲಿ ಸಂಕೋಚ ಬೇಡ.

ಅದು ಆಗ್ಲಿಲ್ಲ ಅಂದ್ರೆ ಕುಂದುಕೊರತೆ ಅಧಿಕಾರಿ. 2021ರ ಐಟಿ ನಿಯಮದ ಪ್ರಕಾರ ನಮ್ಮ ದೇಶದಲ್ಲಿ ಸೋಶಿಯಲ್ ಮೀಡಿಯಾ ನಡೆಸೋ ಕಂಪನಿಗಳು ಇಂಥ ಅಧಿಕಾರೀನ ಇಡಲೇಬೇಕು, ಅವರ ವಿಳಾಸ ಆ ಆ್ಯಪಿನ ಸೈಟಲ್ಲೇ ಇರುತ್ತೆ. ದೂರು ಸಿಕ್ತು ಅಂತ 24 ಗಂಟೆಯೊಳಗೆ ಹೇಳ್ಬೇಕು, ತೀರ್ಮಾನನ 7 ದಿನಕ್ಕಿಂತ ಜಾಸ್ತಿ ಎಳೆಯೋ ಹಾಗಿಲ್ಲ, 2026ರ ಫೆಬ್ರವರಿವರೆಗೆ ಇದು 15 ದಿನ ಇತ್ತು. 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರೋ ದೊಡ್ಡ ಕಂಪನಿಗಳು ತಾವಾಗೇ ಏನಾದ್ರೂ ತೆಗೆದ್ರೆ ಕಾರಣ ತಿಳಿಸಿ, ನಮಗೆ ವಾದ ಹೇಳೋ ಅವಕಾಶ ಕೊಡ್ಬೇಕು ಅಂತಾನೂ ಅದರಲ್ಲೇ ಇದೆ. 2022ರ ಅಕ್ಟೋಬರಲ್ಲಿ ಮಾಡಿದ ತಿದ್ದುಪಡೀಲಿ ಇನ್ನೊಂದು ಸೇರಿಸಿದ್ರು, ಸಂವಿಧಾನದ 14, 19, 21ನೇ ವಿಧಿಗಳಲ್ಲಿ ನಾಗರಿಕರಿಗಿರೋ ಹಕ್ಕನ್ನ ಈ ಕಂಪನಿಗಳೂ ಗೌರವಿಸ್ಬೇಕು ಅಂತ. ಸಂವಿಧಾನದ ಹೆಸರು ಎತ್ತೋದಾದ್ರೆ ಈ ತಿದ್ದುಪಡಿ ಹೇಳಿ ಎತ್ತಿ, ಆಗ ಮಾತಿಗೆ ತೂಕ ಬರುತ್ತೆ. ಟಿಕೆಟ್ ನಂಬರ್ ಬಂದ ತಕ್ಷಣ ಬರೆದಿಟ್ಕೊಳ್ಳಿ.

ಅವರೂ ಇಲ್ಲ ಅಂದ್ರೆ ಗ್ರೀವೆನ್ಸ್ ಅಪೆಲೇಟ್ ಕಮಿಟಿ, ಅಂದ್ರೆ ಕುಂದುಕೊರತೆ ಮೇಲ್ಮನವಿ ಕಮಿಟಿ, ಕೇಂದ್ರ ಸರ್ಕಾರ 2023ರಲ್ಲಿ ಇಂಥ ಮೂರು ಕಮಿಟಿ ಮಾಡ್ತು, ಎಲ್ಲಾ ಆನ್‌ಲೈನ್, ಜಿಎಸಿ ಡಾಟ್ ಗವ್ ಡಾಟ್ ಇನ್. ಕಂಪನಿ ಅಧಿಕಾರಿಯ ಉತ್ತರ ಬಂದು 30 ದಿನದೊಳಗೆ ಹಾಕ್ಬೇಕು, ಅವರೂ 30 ದಿನದಲ್ಲಿ ಮುಗಿಸೋಕೆ ಪ್ರಯತ್ನ ಮಾಡ್ಬೇಕು. ಇದಕ್ಕಾಗಿ ದೆಹಲಿಗೆ ಹೋಗ್ಬೇಕಾಗಿಲ್ಲ. ನನ್ನ ಪೋಸ್ಟ್ ಎರಡನೇ ಮೆಟ್ಟಿಲಲ್ಲೇ ವಾಪಸ್ ಬಂತು, ಕ್ಷಮೆನೂ ಇಲ್ಲ ವಿವರಣೆನೂ ಇಲ್ಲ, ಸುಮ್ನೆ ಬಂತು.

ಕಂಪನಿಗಿಂತ ಊರೇ ಕಷ್ಟ. ಕಂಪನಿಗೆ ಫಾರಂ ಇದೆ, ಊರಿಗೆ ಯಾವ ಫಾರಂ ತುಂಬ್ತೀರಾ. ಮತ್ತೆ ಎಫೆಸಕ್ಕೇ ಬರ್ತೀನಿ. ದೇಮೇತ್ರಿಯ ಅನ್ನೋ ಅಕ್ಕಸಾಲಿಗ ವ್ಯಾಪಾರ ಹೋಗುತ್ತೆ ಅಂತ ಜನಾನ ಎಬ್ಬಿಸ್ತಾನೆ, ಎರಡು ಗಂಟೆ ಹೊತ್ತು ಒಂದೇ ಘೋಷಣೆ ಕೂಗ್ತಾರೆ, ಅವರಲ್ಲಿ ತುಂಬಾ ಜನಕ್ಕೆ ತಾವು ಯಾಕೆ ಅಲ್ಲಿ ಸೇರಿದೀವಿ ಅಂತಾನೇ ಗೊತ್ತಿರಲಿಲ್ಲ ಅಂತ ಲೂಕ ಬರೀತಾನೆ. ನನ್ನ ಸ್ಕ್ರೀನ್‌ಶಾಟ್ ಫಾರ್ವರ್ಡ್ ಮಾಡಿದವರಲ್ಲಿ ಎಷ್ಟು ಜನ ಪೋಸ್ಟ್ ಓದಿದ್ರು? ಆಮೇಲೆ ಇಬ್ರು ಅಂಗಡಿಗೇ ಬಂದು ಅಣ್ಣ ನಾವು ಓದಿರ್ಲಿಲ್ಲ ಅಂತ ಹೇಳಿದ್ರು. ಪೌಲ ಆ ಗುಂಪಿನೊಳಗೆ ಹೋಗ್ತೀನಿ ಅಂದಾಗ ಶಿಷ್ಯರು ಬಿಡಲಿಲ್ಲ. ನೀವೂ ಹೋಗ್ಬೇಡಿ. ಒಂದೇ ಒಂದು ಸಲ ಉತ್ತರ ಕೊಡಿ, ಪೂರ್ತಿ ಪೋಸ್ಟಿನ ಚಿತ್ರ ಹಾಕಿ "ನಾನು ಬರೆದಿದ್ದು ಇದು, ಮಾತಾಡ್ಬೇಕು ಅನ್ಸಿದ್ರೆ ಅಂಗಡಿಗೆ ಬನ್ನಿ" ಅಂತ ಬರೆದು ನಿಲ್ಲಿಸಿ. ನೂರು ಕಾಮೆಂಟಿಗೆ ನೂರು ಉತ್ತರ ಕೊಟ್ರೆ ಒಂದರಲ್ಲಾದ್ರೂ ಸಿಟ್ಟಲ್ಲಿ ಜಾರ್ತೀರ, ಆಮೇಲೆ ಅದೇ ಓಡಾಡುತ್ತೆ.

ನೀವು ಇನ್ನೊಬ್ರ ಕೈಕೆಳಗೆ ಕೆಲಸ ಮಾಡ್ತಿದ್ರೆ ಬೇರೆಯವರ ಬಾಯಿಂದ ಹೋಗೋ ಮುಂಚೆ ನೀವೇ ಹೋಗಿ ಮ್ಯಾನೇಜರಿಗೆ ಪೂರ್ತಿ ಪೋಸ್ಟ್ ತೋರಿಸಿ. ಜ್ಞಾನೋಕ್ತಿ 18ರಲ್ಲಿ ಇದೆಯಲ್ಲ, ಮೊದಲು ವಾದ ಹೇಳಿದವನೇ ಸರಿ ಅನ್ಸೋದು, ಇನ್ನೊಬ್ಬ ಬಂದು ಪ್ರಶ್ನೆ ಮಾಡೋ ತನಕ. ರಾಜೀನಾಮೆ ಬರ್ಕೊಡು ಅಂದ್ರೆ ಆ ದಿನ ಬರ್ಕೊಡ್ಬೇಡಿ, ಕಾರಣ ಬರವಣಿಗೇಲಿ ಕೇಳಿ.

ಇದು ಹಾಸನದ ಸಣ್ಣ ಊರಿನ ಕತೆ ಅಷ್ಟೇ ಅಲ್ಲ. ಫಿನ್ಲೆಂಡಿನ ಪೈವಿ ರಾಸಾನೆನ್ ಅಂತ, ಡಾಕ್ಟ್ರು, ಮಾಜಿ ಗೃಹ ಸಚಿವೆ. 2019ರಲ್ಲಿ ತಮ್ಮದೇ ಲೂಥರನ್ ಸಭೆ ಸಲಿಂಗಿಗಳ ಹಕ್ಕಿನ ಪ್ರೈಡ್ ಕಾರ್ಯಕ್ರಮಕ್ಕೆ ಬೆಂಬಲ ಕೊಟ್ಟಿದ್ದನ್ನ ಪ್ರಶ್ನೆ ಮಾಡಿ ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದ ವಚನಗಳ ಫೋಟೋ ಟ್ವೀಟ್ ಮಾಡಿದ್ರು, ಅದಕ್ಕೆ ಕ್ರಿಮಿನಲ್ ಕೇಸು, ಗಂಟೆಗಟ್ಟಲೆ ಪೊಲೀಸ್ ವಿಚಾರಣೆ. 2022ರಲ್ಲಿ ಕೆಳಗಿನ ಕೋರ್ಟು, 2023ರಲ್ಲಿ ಮೇಲ್ಮನವಿ ಕೋರ್ಟು ಎರಡೂ ನಿರ್ದೋಷಿ ಅಂದ್ವು, ಸರ್ಕಾರಿ ವಕೀಲರು ಸುಪ್ರೀಂ ಕೋರ್ಟಿಗೂ ಹೋದ್ರು. ಆ ತಾಯಿ ಒಂದು ಸಲಾನೂ ಬೈದಿಲ್ಲ, ಹಿಂದೆನೂ ಸರಿದಿಲ್ಲ, ಕೇಳಿದ್ದಕ್ಕೆಲ್ಲಾ ಶಾಂತವಾಗಿ ಉತ್ತರ ಕೊಟ್ರು. ಆಸ್ಟ್ರೇಲಿಯಾದ ರಗ್ಬಿ ಆಟಗಾರ ಇಸ್ರೇಲ್ ಫೊಲಾವ್ ಅವರದ್ದು ಬೇರೆ ಥರ, ಅದೇ 2019ರಲ್ಲಿ ಪಾಪಗಳ ಪಟ್ಟಿ ಹಾಕಿ ನರಕ ಕಾದಿದೆ ಅಂತ ಪೋಸ್ಟ್ ಹಾಕಿದ್ರು, ಕಾಂಟ್ರ್ಯಾಕ್ಟೇ ರದ್ದಾಯ್ತು, ವರ್ಷದ ಕೊನೇಲಿ ರಾಜಿ ಆಯ್ತು. ನಂಬಿಕೆ ಹೇಳಿದ್ದಕ್ಕೆ ಅನ್ನ ಕಿತ್ಕೊಂಡಿದ್ದು ತಪ್ಪು ಅಂತಾನೇ ನಾನು ಹೇಳೋದು. ಪಶ್ಚಾತ್ತಾಪಕ್ಕೂ ಕರೆದಿದ್ರು, ಅದೂ ನಿಜ. ಆದ್ರೆ ಪೌಲ ಕೊರಿಂಥದವರಿಗೆ ಅಂಥದ್ದೇ ಪಟ್ಟಿ ಬರೆದು ತಕ್ಷಣ ನಿಮ್ಮಲ್ಲೂ ಕೆಲವರು ಹಾಗೇ ಇದ್ರಿ, ಈಗ ತೊಳೆಯಲ್ಪಟ್ಟಿದೀರ ಅಂತಾನೆ. ಆ ಮಾತು ಸೇರಿಸಿದ್ರೆ ಓದೋನಿಗೆ ನಾವೂ ಅವನ ಪಕ್ಕದಲ್ಲೇ ನಿಂತಿರೋದು ಕಾಣುತ್ತೆ. ಪೋಸ್ಟ್ ಹಾಕೋ ಮುಂಚೆ ಇವರಿಬ್ಬರನ್ನೂ ನೆನಪಿಸ್ಕೊಳ್ಳಿ.

ಬೆದರಿಕೆ ಬಂದ್ರೆ ಸುಮ್ನಿರ್ಬೇಡಿ. ಹೊಡೀತೀವಿ ಸುಡ್ತೀವಿ ಅಂದ್ರೆ, ಮನೆ ಅಡ್ರೆಸ್, ಮಕ್ಕಳ ಸ್ಕೂಲಿನ ಹೆಸರು ಹಾಕಿದ್ರೆ ಸೀದಾ ಸೈಬರ್ ಅಪರಾಧ ನೋಡೋ ಸೆನ್ ಪೊಲೀಸ್ ಠಾಣೆಗೆ ಹೋಗಿ, ನಮ್ಮ ಹಾಸನದಲ್ಲೂ ಇದೆ, ಚಿಕ್ಕಮಗಳೂರಲ್ಲೂ ಇದೆ. ಮೊದಲು ಮಾಡಿಟ್ಟ ಪ್ರಿಂಟುಗಳು ಇಲ್ಲಿ ಕೆಲಸಕ್ಕೆ ಬರುತ್ತೆ, ದೂರಿನ ಸ್ವೀಕೃತಿ ಇಸ್ಕೊಂಡೇ ಬನ್ನಿ. ನಿಮ್ಮ ಮೇಲೇನೇ ಐಟಿ ಕಾಯ್ದೆಯ 66ಎ ಕೇಸ್ ಹಾಕಿಸ್ತೀನಿ ಅಂತ ಯಾರಾದ್ರೂ ಹೆದರಿಸಿದ್ರೆ ಹೆದರ್ಬೇಡಿ, ಅದನ್ನ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ.

ಮುಂದಕ್ಕೆ ತಯಾರಿ ಮಾಡ್ಕೊಳ್ಳೋದೂ ಇದೆ. ಗೊರೂರು ಹತ್ರ ಶೆಟ್ಟಿಹಳ್ಳಿ ಚರ್ಚ್ ನೋಡಿದೀರಲ್ಲ, ಫ್ರೆಂಚ್ ಮಿಷನರಿಗಳು ಕಟ್ಟಿದ್ದು, ಹೇಮಾವತಿ ಅಣೆಕಟ್ಟು ಬಂದ್ಮೇಲೆ ಜನ ಬೇರೆ ಕಡೆ ಹೋದ್ರು, ಮಳೆಗಾಲದಲ್ಲಿ ಕಟ್ಟಡ ನೀರಲ್ಲಿರುತ್ತೆ. ಬೇರೆಯವರ ಆ್ಯಪಲ್ಲಿ ಕಟ್ಟಿರೋ ಪೇಜೂ ಹಾಗೇ, ಯಾವತ್ತು ನೀರು ಬಿಡ್ತಾರೋ ಗೊತ್ತಿಲ್ಲ. ಪೇಜಿಗೆ ಕನಿಷ್ಠ ಇಬ್ರು ಅಡ್ಮಿನ್ ಇರ್ಲಿ. ಮೂರು ತಿಂಗಳಿಗೊಂದು ಸಲ ಎಲ್ಲಾ ಡೇಟಾ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕಿಗೆ ಹಾಕಿ. ಸಭೆಯವರ ಫೋನ್ ನಂಬರ್ ಅವರ ಒಪ್ಪಿಗೆ ತಗೊಂಡು ಪುಸ್ತಕದಲ್ಲಿ ಬರೆದಿಡಿ, ಹೌದು ಪುಸ್ತಕದಲ್ಲೇ. ತಿಂಗಳಿಗೊಂದು ಪತ್ರಿಕೆ ನಾಲ್ಕು ಪುಟ ಅಚ್ಚು ಮಾಡಿಸಿದ್ರೆ ಅದನ್ನ ಒಂದು ಬಟನ್ ಒತ್ತಿ ಅಳಿಸೋಕಾಗಲ್ಲ. ಹೊಸ ವಿಶ್ವಾಸಿಗಳ ಫೋಟೋ, ಸಾಕ್ಷಿ ವಿಡಿಯೋ ಮಾತ್ರ ಅವರನ್ನ ಕೇಳದೆ ಎಲ್ಲೂ ಹಾಕ್ಬೇಡಿ, ನಮಗೆ ಅದು ಸಂತೋಷದ ಸುದ್ದಿ, ಅವರಿಗೆ ಹಳ್ಳೀಲಿ ಅದೇ ತೊಂದರೆ ಆಗ್ಬಹುದು.

ಕೊನೇದಾಗಿ ನಮ್ಮೊಳಗಿನ ವಿಷಯ, ಇದನ್ನ ಹೇಳದೆ ಬಿಟ್ರೆ ನಾನು ಇಷ್ಟು ಹೊತ್ತು ಬರೆದಿದ್ದು ಸುಳ್ಳಾಗುತ್ತೆ. ನನ್ನ ಗಲಾಟೆ ಮುಗಿದು ಎರಡು ತಿಂಗಳಿಗೆ ನಮ್ಮ ಯೂತ್ ಗ್ರೂಪಲ್ಲಿ ಒಬ್ಬ ಹುಡುಗಿ, ಈ ಗರ್ಭಪಾತದ ವಿಷಯದಲ್ಲಿ ನನಗೆ ಅನುಮಾನ ಇದೆ, ಅತ್ಯಾಚಾರ ಆದವರ ಕತೆ ಏನು ಅಂತ ಕೇಳಿದ್ಲು. ಹತ್ತು ನಿಮಿಷದಲ್ಲಿ ನಲವತ್ತು ಮೆಸೇಜು, ಇಂಥವಳು ಸಭೇಲಿ ಯಾಕಿದಾಳೆ ಅಂತ, ಅವಳಿಗೆ ಉತ್ತರ ಕೊಟ್ಟಿದ್ದು ಒಂದೂ ಇಲ್ಲ. ಒಬ್ಬ ಅಡ್ಮಿನ್ ಅವಳನ್ನ ತೆಗೆದೂಬಿಟ್ಟ. ಓದ್ತಾ ಓದ್ತಾ ನನಗೆ ಆ ಕತ್ತರಿಸಿದ ಸ್ಕ್ರೀನ್‌ಶಾಟೇ ಕಣ್ಮುಂದೆ ಬಂತು. ಮತ್ತಾಯ 18ರಲ್ಲಿ ಯೇಸುಸ್ವಾಮಿ ಹೇಳಿರೋ ಕ್ರಮ ಏನು, ಮೊದಲು ನೀನೊಬ್ಬನೇ ಹೋಗಿ ಮಾತಾಡು, ಆಮೇಲೆ ಒಬ್ರನ್ನೋ ಇಬ್ರನ್ನೋ ಕರ್ಕೊಂಡು ಹೋಗು, ಆಮೇಲೆ ಸಭೆಗೆ ಹೇಳು. ಅದೆಲ್ಲಾ ಮಾಡೋದು ಸಹೋದರನನ್ನ ಸಂಪಾದಿಸ್ಕೊಳ್ಳೋಕೆ, ಕಳ್ಕೊಳ್ಳೋಕಲ್ಲ. ಕ್ಯಾನ್ಸಲ್ ಮಾಡೋರಿಗೆ ಈ ವಾಪಸ್ ಬರೋ ದಾರಿನೇ ಇಲ್ಲ, ಒಂದು ಮಾತು ತಪ್ಪಿದ್ರೆ ಮನುಷ್ಯನೇ ಮುಗಿದ.

ನಾನು, ನನ್ನ ಹೆಂಡ್ತಿ ಅವರ ಮನೆಗೆ ಹೋದ್ವಿ. ಅವರಮ್ಮ ಕಾಫಿ ಮಾಡ್ಕೊಟ್ರು, ಹುಡುಗಿ ಒಂದು ಗಂಟೆ ಈಚೆ ಬರಲೇ ಇಲ್ಲ. ಬಂದ್ಮೇಲೆ ಮೊದಲು ಗ್ರೂಪಲ್ಲಾಗಿದ್ದಕ್ಕೆ ಕ್ಷಮೆ ಕೇಳಿದ್ವಿ, ಪ್ರಶ್ನೆ ಆಮೇಲೆ ಮಾತಾಡಿದ್ವಿ. ಎಲ್ಲಾ ಒಪ್ಪಿದ್ಲು ಅಂತ ಹೇಳಲ್ಲ, ಈಗ್ಲೂ ಕೆಲವು ವಿಷಯದಲ್ಲಿ ಒಪ್ಪಿಲ್ಲ, ಭಾನುವಾರ ಬರ್ತಾಳೆ. ಅವತ್ತಿಂದ ನಮ್ಮ ಗ್ರೂಪಲ್ಲಿ ಒಂದು ಪದ್ಧತಿ ಇದೆ, ನೀವೂ ಮಾಡ್ಕೊಳ್ಳಿ: ಅಶ್ಲೀಲ ಇಲ್ಲಾ ಬೆದರಿಕೆ ಆದ್ರೆ ತಕ್ಷಣ ತೆಗೀರಿ, ಮಿಕ್ಕಿದ್ದೇನೇ ಇದ್ರೂ ಯಾರನ್ನೇ ಗ್ರೂಪಿಂದ ತೆಗೆಯೋ ಮುಂಚೆ ಒಬ್ಬ ಹಿರಿಯರು ಫೋನ್ ಮಾಡಿ ಮಾತಾಡಿರ್ಬೇಕು, ಮತ್ತೆ ಗ್ರೂಪಿನ ಮೆಸೇಜ್ ಸ್ಕ್ರೀನ್‌ಶಾಟ್ ಯಾರೂ ಹೊರಗೆ ಕಳಿಸೋ ಹಾಗಿಲ್ಲ.

ಅಪೀಲ್ ಬರೆಯೋಕೆ ಗೊತ್ತಾಗ್ತಿಲ್ಲ ಅನ್ನೋರು ಸ್ಕ್ರೀನ್‌ಶಾಟ್‌ಗಳನ್ನ ತಗೊಂಡು ಅಂಗಡಿಗೆ ಬನ್ನಿ, ಯಾವ ಸಭೆ ಯಾವ ಧರ್ಮ ಅಂತೆಲ್ಲಾ ಕೇಳಲ್ಲ, ಭಾನುವಾರ ಮಾತ್ರ ರಜ.